ಮೊಟ್ಟೆ ಬೇಯಿಸೋದು ಸುಲಭ, ತಣಿಸೋದೇ ಕೆಲಸ

ಐವತ್ತು ಜನರಿಗೆ ಮೊಟ್ಟೆ ಸಾರು ಮಾಡಬೇಕು ಅಂದುಕೊಳ್ಳಿ. ಪಿಜಿಯ ಅಡುಗೆಮನೆ ಇರಬಹುದು, ಮನೆಯಿಂದಲೇ ನಡೆಸುವ ಊಟದ ಡಬ್ಬಿ ವ್ಯಾಪಾರ ಇರಬಹುದು, ಚಿಕ್ಕ ಹೋಟೆಲ್ ಇರಬಹುದು. ಬೆಳಿಗ್ಗೆ ಅವಸರ ಬೇಡ ಎಂದು ಹಿಂದಿನ ರಾತ್ರಿಯೇ ಮೊಟ್ಟೆ ಬೇಯಿಸಿ ಇಡುತ್ತಾರೆ. ಮಸಾಲೆಯನ್ನೂ ಕುದಿಸಿ, ಡಬರಿ ಮುಚ್ಚಿ ಕಟ್ಟೆಯ ಮೇಲೆ ಬಿಡುತ್ತಾರೆ. ಚೆನ್ನಾಗಿ ಕುದ್ದಿದೆಯಲ್ಲ, ಇನ್ನೇನು ಭಯ?

ಭಯ ಇರುವುದು ಕುದ್ದ ನಂತರ. ಮೊಟ್ಟೆಯಲ್ಲಿ ಎಲ್ಲರೂ ಹೆದರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸರಿಯಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಇನ್ನು ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಅವು ಮಲಗಿರುವ ರೂಪ, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಕೈಯಿಂದ, ಸೌಟಿನಿಂದ, ತಣಿಸುವ ನೀರಿನಿಂದ ಹೊಸದಾಗಿ ಬಂದು ಸೇರುವವು ಬೇರೆ. ಇವೆಲ್ಲ ಬೆಳೆಯುವುದು 60 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿವರೆಗಿನ ನಡುವಿನ ಬಿಸಿಯಲ್ಲಿ. ಆ ದಾರಿಯನ್ನು ಎಷ್ಟು ಬೇಗ ದಾಟಿಸುತ್ತೀರಿ ಅನ್ನುವುದರ ಮೇಲೆ ಮರುದಿನದ ಊಟ ನಿಂತಿದೆ.

ಮೊದಲು ಒಂದು ಥರ್ಮಾಮೀಟರ್ ತನ್ನಿ

ಆಹಾರದೊಳಗೆ ಚುಚ್ಚಿ ನೋಡುವ ಕಡ್ಡಿ ಥರ್ಮಾಮೀಟರ್ ಬೇಕು. ಜ್ವರ ನೋಡುವುದು ನಡೆಯುವುದಿಲ್ಲ. ಹಣೆಗೆ ಹಿಡಿಯುವ ಗನ್ ಕೂಡ ಬೇಡ. ಅದು ಮೇಲ್ಮೈಯನ್ನು ಮಾತ್ರ ಓದುತ್ತದೆ. ನಮಗೆ ಬೇಕಿರುವುದು ಡಬರಿಯ ನಡುಮಧ್ಯದ ಬಿಸಿ.

ತಂದ ಕೂಡಲೇ ಅದು ಸರಿಯಾಗಿ ಓದುತ್ತದೆಯೇ ನೋಡಿ. ಒಂದು ಲೋಟದ ತುಂಬ ಐಸ್ ಪುಡಿ ಹಾಕಿ, ಸ್ವಲ್ಪ ನೀರು ಬಿಟ್ಟು ಕಲಕಿ, ಕಡ್ಡಿ ಅದ್ದಿ. 0 ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುವವರು ಒಂದು ವಿಷಯ ನೆನಪಿಡಿ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಅಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. 97 ತೋರಿಸಿತು ಎಂದು ಬೆಂಗಳೂರಿನವರು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಇದರ ಜೊತೆಗೆ ಅಗಲವಾದ, ಆಳವಿಲ್ಲದ ಸ್ಟೀಲ್ ಟ್ರೇಗಳು, ಸಾಕಷ್ಟು ಐಸ್, ಟೇಪು, ಮಾರ್ಕರ್ ಪೆನ್ನು ಇಟ್ಟುಕೊಳ್ಳಿ.

ಮೊಟ್ಟೆ ಆರಿಸುವುದು

ಮೂವತ್ತರ ಟ್ರೇ ಬಂದಾಗ ಒಡಕು ಮೊಟ್ಟೆಗಳನ್ನು ತೆಗೆದುಬಿಡಿ. ಕಡಿಮೆ ರೇಟಿಗೆ ಒಡಕು ಮೊಟ್ಟೆ ಮಾರುವವರಿದ್ದಾರೆ. ಆ ಉಳಿತಾಯ ಬೇಡ.

ಹಿಕ್ಕೆ ಅಂಟಿದ ಮೊಟ್ಟೆಯನ್ನು ತಂದ ಕೂಡಲೇ ತೊಳೆದು ಇಡುವ ಅಭ್ಯಾಸ ಹಲವರಿಗಿದೆ. ಮೊಟ್ಟೆಯ ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಕೋಳಿ ಇಡುವಾಗಲೇ ಅವನ್ನು ಮುಚ್ಚುವ ಒಂದು ತೆಳು ಪದರ ಇರುತ್ತದೆ. ತೊಳೆದರೆ ಅದು ಹೋಗುತ್ತದೆ, ಕೊಳೆಗೆ ಒಳದಾರಿ ಸಿಗುತ್ತದೆ. ಇಡುವ ಮೊಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಿ ಸಾಕು. ತೊಳೆಯಲೇಬೇಕೆಂದರೆ ಬೇಯಿಸುವ ಮುಂಚೆ, ಮೊಟ್ಟೆಗಿಂತ ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.

ನೀರಿನಲ್ಲಿ ಮುಳುಗಿದರೆ ಒಳ್ಳೆಯದು, ತೇಲಿದರೆ ಕೆಟ್ಟದ್ದು ಎಂಬ ಪರೀಕ್ಷೆ ಎಲ್ಲರಿಗೂ ಗೊತ್ತು. ಅದು ಮೊಟ್ಟೆ ಎಷ್ಟು ಹಳೆಯದು ಅನ್ನುವುದನ್ನು ಹೇಳುತ್ತದೆ, ಅಷ್ಟೇ. ಸಾಲ್ಮೊನೆಲ್ಲಾ ಕೋಳಿಯ ಹೊಟ್ಟೆಯಲ್ಲೇ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಿರಬಹುದು. ಅಂಥ ಮೊಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ, ನೀರಿನಲ್ಲಿ ಚೆನ್ನಾಗಿಯೇ ಮುಳುಗುತ್ತದೆ.

ಬೇಯಿಸುವುದು

ಇಲ್ಲಿ ಹೇಳುವುದು ಜಾಸ್ತಿ ಇಲ್ಲ. ನೀರು ಕುದಿ ಬಂದ ಮೇಲೆ 10ರಿಂದ 12 ನಿಮಿಷ. ಒಂದೇ ಪಾತ್ರೆಯಲ್ಲಿ ಎರಡು ಟ್ರೇ ಸುರಿದರೆ ನೀರು ತಣ್ಣಗಾಗಿ ಮತ್ತೆ ಕುದಿಯಲು ಹೊತ್ತು ಹಿಡಿಯುತ್ತದೆ. ಲೆಕ್ಕವನ್ನು ಮತ್ತೆ ಕುದಿ ಬಂದಾಗಿನಿಂದ ಶುರು ಮಾಡಿ. ಇಲ್ಲವೇ ಎರಡು ಸಲ ಬೇಯಿಸಿ. ಒಂದು ಮೊಟ್ಟೆ ಕೊಯ್ದು ನೋಡಿದಾಗ ಹಳದಿ ಗಟ್ಟಿಯಾಗಿರಬೇಕು.

ಎಗ್ ಬುರ್ಜಿ, ಆಮ್ಲೆಟ್, ಮಸಾಲೆಗೆ ಒಡೆದು ಹಾಕಿದ ಮೊಟ್ಟೆಗೆ ಥರ್ಮಾಮೀಟರ್ ಬಳಸಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಹೋಟೆಲ್ ತಪಾಸಣೆಗೆ ಇಟ್ಟುಕೊಂಡಿರುವ ಪಟ್ಟಿಯಲ್ಲಿ ಮಾಂಸಾಹಾರಕ್ಕೆ ಒಳಗಿನ ಬಿಸಿ ಎಷ್ಟಿರಬೇಕು ಎಂದಿದೆ: 70 ಡಿಗ್ರಿಯಲ್ಲಿ 2 ನಿಮಿಷ, ಅಥವಾ 75 ಡಿಗ್ರಿಯಲ್ಲಿ 15 ಸೆಕೆಂಡು. ಮೊಟ್ಟೆಗೂ ಇದನ್ನೇ ಇಟ್ಟುಕೊಳ್ಳಿ.

ತಣಿಸುವ ನೀರು ಕುಡಿಯುವ ನೀರೇ ಆಗಿರಲಿ

ಈ ಹಂತದಲ್ಲಿ ಸ್ವಲ್ಪ ನಿಲ್ಲೋಣ. ಬಿಸಿ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದಾಗ ಒಳಗಿನ ಗಾಳಿ, ತಿರುಳು ಎರಡೂ ಕುಗ್ಗುತ್ತವೆ. ಆಗ ಹೊರಗಿನ ನೀರು ಚಿಪ್ಪಿನ ತೂತುಗಳಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಬೆಂದ ಮೊಟ್ಟೆಗೆ ಆ ಕಾವಲು ಪದರವೂ ಉಳಿದಿರುವುದಿಲ್ಲ. ಬಕೆಟ್ಟಿನಲ್ಲಿ ಇರುವ ನೀರು ಎಂಥದೋ ಮೊಟ್ಟೆಯೊಳಗೆ ಹೋಗುವುದೂ ಅಂಥದೇ. ತರಕಾರಿ ತೊಳೆದ ನೀರು, ಪಾತ್ರೆ ಅದ್ದುವ ತೊಟ್ಟಿಯ ನೀರು ಖಂಡಿತ ಬೇಡ.

ಹೀಗೆ ಮಾಡಿ. ಬಿಸಿ ನೀರು ಬಸಿದು, ನಲ್ಲಿಯ ಕುಡಿಯುವ ನೀರನ್ನು ಒಂದೆರಡು ನಿಮಿಷ ಹರಿಯಬಿಡಿ. ನಂತರ ಐಸ್ ಹಾಕಿದ ನೀರಿಗೆ ವರ್ಗಾಯಿಸಿ. ನೀರು ಬೆಚ್ಚಗಾದರೆ ಚೆಲ್ಲಿ, ಹೊಸದು ಹಾಕಿ. ಐಸ್ ಕೂಡ ಕುಡಿಯುವ ನೀರಿನದ್ದೇ ಇರಲಿ. ಮೀನು ಮಾರುಕಟ್ಟೆಗೆ ಹೋಗುವ ದಪ್ಪ ಐಸ್ ಗಡ್ಡೆ ತಿನ್ನುವುದಕ್ಕಲ್ಲ. ತಿನ್ನಬಾರದ ಐಸ್‌ಗೆ ನೀಲಿ ಬಣ್ಣ ಹಾಕಬೇಕು ಎಂದು ಎಫ್‌ಎಸ್‌ಎಸ್‌ಎಐ ಹೇಳಿದೆ. ನೀಲಿ ಕಂಡರೆ ಮುಟ್ಟಬೇಡಿ.

ಬೇಗ ತಣಿಸಿದರೆ ಇನ್ನೊಂದು ಲಾಭ. ಹಳದಿಯ ಸುತ್ತ ಬರುವ ಹಸಿರು ಉಂಗುರ ಕಡಿಮೆಯಾಗುತ್ತದೆ. ಬಿಳಿಯಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಸೇರಿ ಆ ಬಣ್ಣ ಬರುವುದು. ಅದರಿಂದ ಅಪಾಯವೇನೂ ಇಲ್ಲ, ಆದರೆ ಗಿರಾಕಿ ಮುಖ ಸಿಂಡರಿಸುತ್ತಾರೆ.

ತಣಿದ ಮೊಟ್ಟೆಯನ್ನು ನೀರಿನಲ್ಲೇ ಬಿಡಬೇಡಿ. ಬಸಿದು, ಒರೆಸಿ, ಚಿಪ್ಪಿನ ಸಮೇತ ಫ್ರಿಜ್‌ಗೆ ಇಡಿ.

ಈಗಲೇ ಸುಲಿಯಬೇಕೇ?

ಬೇಡ ಅನ್ನುವುದು ನನ್ನ ಅಭಿಪ್ರಾಯ. ರಾತ್ರಿಯೇ ಸುಲಿದು ಬಕೆಟ್ ನೀರಿನಲ್ಲಿ ಮುಳುಗಿಸಿಡುವುದು ಮೆಸ್‌ಗಳಲ್ಲಿ ಸಾಮಾನ್ಯ. ಸುಲಿಯುವ ಪ್ರತಿ ಮೊಟ್ಟೆಗೂ ಕೈ ತಾಗುತ್ತದೆ. ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ, ಗಾಯವಿದ್ದರೆ ಅಲ್ಲಿ ಸ್ಟಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ಬೆಚ್ಚಗಿನ ಮೊಟ್ಟೆಯ ಮೇಲೆ ಬೆಳೆದು ವಿಷ ಬಿಟ್ಟರೆ, ಬೆಳಿಗ್ಗೆ ಮಸಾಲೆಯಲ್ಲಿ ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಹಾಗಾಗಿ ಬಡಿಸುವ ದಿನವೇ ಸುಲಿಯಿರಿ. ಕೈಗೆ ಗಾಯವಾದವರಿಗೆ ಆ ದಿನ ಬೇರೆ ಕೆಲಸ ಕೊಡಿ. ಚಿಪ್ಪಿನ ಸಮೇತ ಫ್ರಿಜ್‌ನಲ್ಲಿಟ್ಟ ಬೆಂದ ಮೊಟ್ಟೆ ಒಂದು ವಾರ ಇರುತ್ತದೆ. ಹೊರಗಾದರೆ ಎರಡು ಗಂಟೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಒಂದೇ ಗಂಟೆ.

ಸರ್ಕಾರಿ ಶಾಲೆಗಳ ಮೊಟ್ಟೆಗೆ ಈ ಉಸಾಬರಿ ಬೇಕಿಲ್ಲ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂದಿದೆ. ಅಲ್ಲಿ ಬೇಯಿಸಿದ್ದನ್ನು ಅದೇ ಮಧ್ಯಾಹ್ನ ಬಡಿಸಿಬಿಡುವುದೇ ಅತಿ ದೊಡ್ಡ ಸುರಕ್ಷತೆ. ಉಳಿದದ್ದನ್ನು ಮರುದಿನಕ್ಕೆ ಎತ್ತಿಡದಿದ್ದರೆ ಆಯಿತು.

ಮಸಾಲೆ ತಣಿಸುವುದು

ಎಲ್ಲಕ್ಕಿಂತ ಕಷ್ಟ ಇದು. ಇಪ್ಪತ್ತು ಲೀಟರಿನ ಡಬರಿಯನ್ನು ಮುಚ್ಚಿಟ್ಟರೆ ಅದು ಕಂಬಳಿ ಹೊದ್ದು ಮಲಗಿದ ಹಾಗೆ. ಮೇಲೆ ತಣ್ಣಗಿರುತ್ತದೆ, ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹಾಗೇ ಎತ್ತಿ ಫ್ರಿಜ್‌ಗೆ ಇಟ್ಟರೂ ಪರಿಹಾರವಿಲ್ಲ. ಅದು ತಣಿಯುವ ಬದಲು ಪಕ್ಕದ ಹಾಲು, ಮೊಸರನ್ನೂ ಬೆಚ್ಚಗೆ ಮಾಡುತ್ತದೆ.

ನಿಯಮ ಎರಡು ಹಂತದ್ದು. 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಬರಬೇಕು. ಅಲ್ಲಿಂದ 5 ಡಿಗ್ರಿಗೆ ಇಳಿಸಲು ಎಫ್‌ಎಸ್‌ಎಸ್‌ಎಐ ಪಟ್ಟಿ ಮತ್ತೆರಡು ಗಂಟೆ ಕೊಡುತ್ತದೆ. ಅಮೆರಿಕದ ಹೋಟೆಲ್ ನಿಯಮದಲ್ಲಿ ಈ ಎರಡನೇ ಹಂತಕ್ಕೆ ನಾಲ್ಕು ಗಂಟೆ. ಮೊದಲ ಹಂತಕ್ಕೆ ಮಾತ್ರ ಎಲ್ಲೂ ರಿಯಾಯಿತಿ ಇಲ್ಲ. ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುವುದು ಆ ಬಿಸಿಯಲ್ಲೇ.

ಮಾಡುವ ರೀತಿ ಹೀಗಿದೆ. ಮಸಾಲೆಗೆ ಮೊಟ್ಟೆ ಹಾಕಬೇಡಿ, ಬೇರೆಯಾಗೇ ಇಡಿ. ಮಸಾಲೆಯನ್ನು ಕಡಿಮೆ ನೀರು ಹಾಕಿ ಗಟ್ಟಿಯಾಗಿ ಕುದಿಸಿ. ಇಳಿಸಿದ ಕೂಡಲೇ ಅಗಲ ಟ್ರೇಗಳಿಗೆ ಹಂಚಿ, ಆಳ ಎರಡು ಇಂಚು ಮೀರಬಾರದು. ಟ್ರೇಯನ್ನು ಐಸ್ ನೀರಿನ ದೊಡ್ಡ ಬೇಸಿನ್‌ನಲ್ಲಿ ಕೂರಿಸಿ, ಆಗಾಗ ಶುಚಿಯಾದ ಸೌಟಿನಿಂದ ಕಲಕಿ. ಬೇಗ ಆಗಬೇಕೆಂದರೆ ಕಡಿಮೆ ಮಾಡಿದ್ದ ನೀರಿನ ಬದಲು ಶುದ್ಧ ಐಸ್ ತುಂಡುಗಳನ್ನೇ ಮಸಾಲೆಗೆ ಹಾಕಿ. ರುಚಿ ಕೆಡುವುದಿಲ್ಲ, ನೀರಿನ ಲೆಕ್ಕ ಸರಿಹೋಗುತ್ತದೆ.

21 ಡಿಗ್ರಿಗೆ ಇಳಿದ ಮೇಲೆ ಫ್ರಿಜ್. ಪೂರ್ತಿ ತಣಿಯುವ ತನಕ ಬಿಗಿಯಾಗಿ ಮುಚ್ಚಬೇಡಿ, ಟ್ರೇಗಳ ನಡುವೆ ಗಾಳಿಗೆ ಜಾಗ ಬಿಡಿ. ಹಸಿ ಮೊಟ್ಟೆ ಕೆಳಗಿನ ತಟ್ಟೆಯಲ್ಲಿ, ಬೆಂದದ್ದು ಮೇಲೆ. ಟೇಪು ಅಂಟಿಸಿ ದಿನಾಂಕ, ಗಂಟೆ ಎರಡನ್ನೂ ಬರೆಯಿರಿ. ಎರಡು ಗಂಟೆ ಕಳೆದರೂ 21ಕ್ಕೆ ಇಳಿಯದಿದ್ದರೆ? ಆ ಹೊತ್ತಿಗೆ ಗೊತ್ತಾದರೆ ತಕ್ಷಣ 75ಕ್ಕೆ ಮತ್ತೆ ಕುದಿಸಿ, ಈ ಸಲ ಇನ್ನೂ ತೆಳುವಾಗಿ ಹರಡಿ ತಣಿಸಿ. ಬೆಳಿಗ್ಗೆ ಎದ್ದ ಮೇಲೆ ಗೊತ್ತಾದರೆ ಚೆಲ್ಲಬೇಕು.

ಹಸಿ ಮೊಟ್ಟೆ ಒಡೆದು ಇಡುವವರಿಗೆ

ಬೇಕರಿಯವರು, ಎಗ್ ರೈಸ್ ಗಾಡಿಯವರು ಓದಬೇಕಾದ ಭಾಗ. ಸಂಜೆಗೆ ಬೇಕೆಂದು ಮಧ್ಯಾಹ್ನವೇ ನೂರು ಮೊಟ್ಟೆ ಒಡೆದು ಡಬ್ಬಿ ತುಂಬಿಡುವುದುಂಟು. ನೂರರಲ್ಲಿ ಒಂದು ಕೆಟ್ಟದ್ದಿದ್ದರೆ ಡಬ್ಬಿಯೆಲ್ಲ ಕೆಟ್ಟಿತು. ಮೊದಲು ಚಿಕ್ಕ ಬಟ್ಟಲಿಗೆ ಒಡೆದು, ನೋಡಿ, ಆಮೇಲೆ ಡಬ್ಬಿಗೆ ಸುರಿಯಿರಿ. ಡಬ್ಬಿ ಐಸ್ ಮೇಲೆ ಕೂತಿರಲಿ. ಮುಗಿದ ಡಬ್ಬಿಗೆ ತೊಳೆಯದೆ ಹೊಸದನ್ನು ತುಂಬಬೇಡಿ.

ಕಾರ್ಖಾನೆಗಳು ಇದನ್ನೇ ಎಷ್ಟು ಬಿಗಿಯಾಗಿ ಮಾಡುತ್ತವೆ ನೋಡಿ. ಯುರೋಪಿನ ಕಾನೂನಿನಲ್ಲಿ ಒಡೆದ ಮೊಟ್ಟೆಯನ್ನು ಕೂಡಲೇ ಸಂಸ್ಕರಿಸದಿದ್ದರೆ 4 ಡಿಗ್ರಿ ಮೀರದಂತೆ ಇಡಬೇಕು, ಅದೂ 48 ಗಂಟೆ ಮಾತ್ರ. ಇಲ್ಲವೇ ಹೆಪ್ಪುಗಟ್ಟಿಸಬೇಕು. ಅಮೆರಿಕದಲ್ಲಿ ಮೊಟ್ಟೆ ಉತ್ಪನ್ನಗಳ ತಪಾಸಣೆಗೆಂದೇ 1970ರಲ್ಲಿ ಕಾಯ್ದೆ ಬಂತು. ಅಲ್ಲಿ ಇಡೀ ಮೊಟ್ಟೆಯ ದ್ರವವನ್ನು 60 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಹಿಡಿದು ಪಾಶ್ಚರೀಕರಿಸುವುದು ರೂಢಿ. ಬರೀ ಬಿಳಿಯಾದರೆ 56.7 ಡಿಗ್ರಿ, ಯಾಕೆಂದರೆ ಬಿಸಿ ಜಾಸ್ತಿಯಾದರೆ ಅದು ಬೇಗ ಗಟ್ಟಿಯಾಗಿಬಿಡುತ್ತದೆ. ಅಂದರೆ ಸಾಲ್ಮೊನೆಲ್ಲಾ ಸಾಯಬೇಕು, ಮೊಟ್ಟೆ ಬೇಯಬಾರದು. ಇದಾದ ಕೂಡಲೇ ಪೈಪಿನಲ್ಲೇ ತಣಿಸುತ್ತಾರೆ. ಮನೆಯ ಒಲೆಯ ಮೇಲೆ ಈ ಸಾಹಸ ಮಾಡಬೇಡಿ.

ಹಸಿ ಮೊಟ್ಟೆಯ ಮೆಯೋನೇಸ್ ಮಾಡುವವರು ಪಾಶ್ಚರೀಕರಿಸಿದ ಮೊಟ್ಟೆ ಕೊಳ್ಳಿ, ಇಲ್ಲವೇ ಮೊಟ್ಟೆಯಿಲ್ಲದ್ದು ಮಾಡಿ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮೆಯೋನೇಸ್ ಅನ್ನು ನಿಷೇಧಿಸಿದ್ದು ಸುಮ್ನೆ ಅಲ್ಲ.

ಎಗ್ ರೈಸ್‌ನಲ್ಲಿ ಮೊಟ್ಟೆಗಿಂತ ಅನ್ನದ ಮೇಲೆ ಕಣ್ಣಿರಲಿ. ಬೆಳಿಗ್ಗೆ ಬಸಿದ ಅನ್ನ ರಾತ್ರಿವರೆಗೆ ಗಾಡಿಯಲ್ಲಿ ಕೂತರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ತರುವ ವಿಷ ಬಿಡುತ್ತದೆ. ಕಾವಲಿಯ ಬಿಸಿ ಆ ವಿಷವನ್ನು ಕೊಲ್ಲುವುದಿಲ್ಲ. ಅನ್ನವನ್ನೂ ಮಸಾಲೆಯ ಹಾಗೇ ತೆಳುವಾಗಿ ಹರಡಿ, ಬೇಗ ತಣಿಸಿ. ಬೇಕರಿಯ ಎಗ್ ಪಫ್ ಕೂಡ ಇದೇ ಜಾತಿ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಬಲ್ಬ್ ಉರಿಯುತ್ತಿದೆ ಎಂದರೆ ಒಳಗೆ 60 ಡಿಗ್ರಿ ಇದೆ ಅಂತಲ್ಲ. ಒಂದು ಪಫ್‌ಗೆ ಕಡ್ಡಿ ಚುಚ್ಚಿ ನೋಡಿ, ಗೊತ್ತಾಗುತ್ತದೆ.

ಮತ್ತೆ ಬಿಸಿ ಮಾಡುವುದು

ಮಸಾಲೆ ಕುದಿಸಿ, ಸುಲಿದ ಮೊಟ್ಟೆ ಹಾಕಿ, ಎಲ್ಲ ಕಡೆ 75 ಡಿಗ್ರಿ ಮುಟ್ಟಿ ಎರಡು ನಿಮಿಷ ನಿಲ್ಲಲಿ. ಬಿಸಿನೀರು ಬೆರೆಸಿ ಬೆಚ್ಚಗೆ ಮಾಡುವುದು ಲೆಕ್ಕಕ್ಕಿಲ್ಲ. ಬಡಿಸುವ ತನಕ ಮಾಂಸಾಹಾರ 70 ಡಿಗ್ರಿಯಲ್ಲಿರಲಿ ಎನ್ನುತ್ತದೆ ಎಫ್‌ಎಸ್‌ಎಸ್‌ಎಐ. ಹಾಗಾಗಿ ಸಣ್ಣ ಉರಿ ಬೇಕೇ ಬೇಕು. ಒಮ್ಮೆ ಬಿಸಿ ಮಾಡಿದ್ದು ಉಳಿದರೆ ಮತ್ತೆ ತಣಿಸಿ ಎತ್ತಿಡಬೇಡಿ. ನಿನ್ನೆಯದನ್ನು ಇವತ್ತಿನ ಡಬರಿಗೆ ಸೇರಿಸಲೂಬೇಡಿ.

ರಾತ್ರಿ ಕರೆಂಟ್ ಹೋದರೆ

ಫ್ರಿಜ್ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಕರೆಂಟ್ ಹೋದ ಹೊತ್ತನ್ನು ಬಾಗಿಲ ಮೇಲೇ ಬರೆದಿಡಿ. ಬಂದ ಮೇಲೆ ಮಸಾಲೆಯ ಟ್ರೇಗೆ, ಒಂದು ಮೊಟ್ಟೆಗೆ ಕಡ್ಡಿ ಚುಚ್ಚಿ. 5 ಡಿಗ್ರಿಯ ಆಸುಪಾಸು ಇದ್ದರೆ ಬಳಸಿ. ತಂಪು ಬಿಟ್ಟು ಎರಡು ಗಂಟೆಗಿಂತ ಜಾಸ್ತಿ ಆಗಿದೆ ಅನ್ನಿಸಿದರೆ ಮೂಸಿ ನೋಡಿ ತೀರ್ಮಾನ ಮಾಡಬೇಡಿ. ಈ ಬ್ಯಾಕ್ಟೀರಿಯಾಗಳಿಗೆ ವಾಸನೆ ಬರಲೇಬೇಕೆಂದಿಲ್ಲ. ಬಿಸಾಕಿ, ಆ ದಿನ ಟೊಮೇಟೊ ಗೊಜ್ಜು ಮಾಡಿ.