ಡೈಮಾಪ್ರಿಟ್ ಕೆಲಸ ಎಚ್2 ಮೂಲಕವೇ ಎಂದು ತೋರಿಸುವುದು ಹೇಗೆ

ಎಂ.ಫಾರ್ಮ್ ಮಕ್ಕಳಿಗೆ ಆರ್ಗನ್ ಬಾತ್ (ಅಂಗಾಂಶವನ್ನು ದ್ರಾವಣದಲ್ಲಿ ಜೀವಂತವಾಗಿಟ್ಟು ಔಷಧದ ಪರಿಣಾಮ ಅಳೆಯುವ ವಿಧಾನ) ಕಲಿಸುವಾಗ ಹಿಸ್ಟಮಿನ್ ಮುಗಿದ ಕೂಡಲೇ ನಾನು ಡೈಮಾಪ್ರಿಟ್ ಕೊಡುತ್ತೇನೆ. ಹಿಸ್ಟಮಿನ್ ತನ್ನ ನಾಲ್ಕೂ ರಿಸೆಪ್ಟರುಗಳನ್ನು (ಎಚ್1ರಿಂದ ಎಚ್4) ಪ್ರಚೋದಿಸುತ್ತದೆ. ಡೈಮಾಪ್ರಿಟ್ ಎಚ್2 ಅನ್ನು ಚೆನ್ನಾಗಿ ಪ್ರಚೋದಿಸುತ್ತದೆ, ಎಚ್1 ಅನ್ನು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಾಟಲಿಯ ಮೇಲೆ 'ಎಚ್2 ಅಗೊನಿಸ್ಟ್' (ಎಚ್2 ಪ್ರಚೋದಕ) ಎಂದಿದ್ದರೆ ಸಾಲದು, ನಿಮ್ಮ ಅಂಗಾಂಶವೇ ಅದನ್ನು ಹೇಳಬೇಕು.

ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಸಿಕ್ಕ ಮೇಲೆ ಗಿನಿಪಿಗ್‌ನ ಬಲ ಹೃತ್ಕರ್ಣ ತೆಗೆದುಕೊಳ್ಳಿ. ಸೈನಸ್ ನೋಡ್ ಅಲ್ಲೇ ಇರುವುದರಿಂದ ಅದು ತಾನಾಗಿ ಮಿಡಿಯುತ್ತದೆ. ನಿಮಿಷದ ಬಡಿತವೇ ನಮ್ಮ ಅಳತೆ. ಅಂಗಾಂಶವನ್ನು ಇಡುವ ಕ್ರೆಬ್ಸ್ ಲವಣ ದ್ರಾವಣಕ್ಕೆ ಮೊದಲು ಕಾರ್ಬೊಜನ್ (ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರಣ) ಹಾಯಿಸಿ, ಕ್ಯಾಲ್ಸಿಯಂ ಕ್ಲೋರೈಡನ್ನು ಕೊನೆಗೆ ಹಾಕಿ. ಇಲ್ಲವಾದರೆ ದ್ರಾವಣ ಬೆಳ್ಳಗಾಗಿ ಕೆಡುತ್ತದೆ. 1 ಗ್ರಾಂ ಎಳೆತ ಕೊಟ್ಟು ಒಂದು ಗಂಟೆ ಬಿಡಿ, 15 ನಿಮಿಷಕ್ಕೊಮ್ಮೆ ತೊಳೆಯಿರಿ. ಬಡಿತ ಸ್ಥಿರವಾಗದೆ ಔಷಧ ಹಾಕಬೇಡಿ.

ಡೈಮಾಪ್ರಿಟ್ ಡೈಹೈಡ್ರೊಕ್ಲೋರೈಡ್ 23.4 ಮಿ.ಗ್ರಾಂ ತೂಗಿ 10 ಮಿ.ಲೀ. ನೀರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಅದನ್ನು ಹತ್ತು ಪಟ್ಟು ತೆಳುಮಾಡಿ, 20 ಮಿ.ಲೀ. ಬಾತ್‌ಗೆ 20 ಮೈಕ್ರೊಲೀಟರ್ ಹಾಕಿದರೆ 1 ಮೈಕ್ರೊಮೋಲಾರ್ ಆಗುತ್ತದೆ. ಮುಂದಿನ ಮೆಟ್ಟಿಲು 3 ಮೈಕ್ರೊಮೋಲಾರ್. ಆಗ 60 ಮೈಕ್ರೊಲೀಟರ್ ಅಲ್ಲ, 40 ಮಾತ್ರ ಸೇರಿಸಬೇಕು, ಏಕೆಂದರೆ ಮೊದಲಿನ 20 ಒಳಗೇ ಇದೆ. ಮಕ್ಕಳ ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲೇ. ಆದ್ದರಿಂದ ಸೇರಿಸಬೇಕಾದ ಪ್ರಮಾಣಗಳನ್ನೆಲ್ಲ ಮೊದಲೇ ಬರೆದುಕೊಂಡು ಕೂರಿ. ಬಡಿತ ಏರಿ ನಿಂತ ಮೇಲೆಯೇ ಮುಂದಿನ ಮೆಟ್ಟಿಲು ಹತ್ತಿ.

ಏರಿಕೆ ಕಂಡಿತೆಂದು ಸಂಭ್ರಮಿಸಬೇಡಿ. ನರತುದಿಗಳಿಂದ ನಾರ್‌ಅಡ್ರಿನಲಿನ್ ಹೊರಬಂದರೂ ಹೃತ್ಕರ್ಣ ಹೀಗೇ ಓಡುತ್ತದೆ. ಆ ಪರಿಣಾಮವನ್ನು ತಡೆಯುವ ಪ್ರೊಪ್ರನೊಲಾಲ್ ಇದ್ದರೂ ಡೈಮಾಪ್ರಿಟ್ ಪ್ರಮಾಣಕ್ಕೆ ಬಡಿತದ ಏರಿಕೆ ತೋರಿಸುವ ರೇಖೆ ಕದಲಬಾರದು. ಎಚ್1 ತಡೆಯುವ ಮೆಪಿರಮಿನ್‌ಗೂ ಕದಲಬಾರದು. ಎಚ್2 ತಡೆಯುವ ಸಿಮೆಟಿಡಿನ್ ಮಾತ್ರ ಅದನ್ನು ಬಲಕ್ಕೆ ಸರಿಸಬೇಕು (ಅಂದರೆ ಅಷ್ಟೇ ಏರಿಕೆಗೆ ಹೆಚ್ಚು ಡೈಮಾಪ್ರಿಟ್ ಬೇಕಾಗಬೇಕು), ಗರಿಷ್ಠ ಏರಿಕೆ ಕುಗ್ಗಬಾರದು. ಪ್ರತಿ ತಡೆಗಾರಕ್ಕೂ ಅರ್ಧ ಗಂಟೆ ಸಮಯ ಕೊಡಿ. 10 ಮೈಕ್ರೊಮೋಲಾರ್ ಸಿಮೆಟಿಡಿನ್ ಹತ್ತು ಪಟ್ಟಿಗೂ ಹೆಚ್ಚು ಸರಿಸುತ್ತದೆ. ಅದೇ ತಡೆಗಾರ ಹಿಸ್ಟಮಿನ್ ರೇಖೆಯನ್ನೂ ಅಷ್ಟೇ ಸರಿಸಿದರೆ ಎರಡೂ ಒಂದೇ ರಿಸೆಪ್ಟರಿನ ಮೂಲಕ ಕೆಲಸ ಮಾಡುತ್ತಿವೆ ಎನ್ನಲು ಧೈರ್ಯ ಬರುತ್ತದೆ. 1972ರಲ್ಲಿ ಜೇಮ್ಸ್ ಬ್ಲ್ಯಾಕ್ ತಂಡ ಬ್ಯೂರಿಮಮೈಡ್ ಎಂಬ ತಡೆಗಾರ ಹಿಡಿದು ಎಚ್2 ಇದೆಯೆಂದು ಸಾಧಿಸಿದ್ದೂ ತಡೆಗಾರದ ಬಲದಿಂದಲೇ.

ಮಿದುಳು ಅಥವಾ ಬಿಳಿ ರಕ್ತಕಣಗಳ ಮೇಲೆ ಪ್ರಯೋಗವಾದರೆ ಡೈಮಾಪ್ರಿಟ್ ಒಂದನ್ನೇ ನಂಬಬೇಡಿ. ಅದು ಎಚ್3 ಅನ್ನು ತಡೆಯುತ್ತದೆ, ಎಚ್4 ಅನ್ನು ಪ್ರಚೋದಿಸುತ್ತದೆ. ಅಂಥಲ್ಲಿ ಆಮ್ಥಮಿನ್ ಎಂಬ ಇನ್ನೊಂದು ಎಚ್2 ಅಗೊನಿಸ್ಟ್ ತರಿಸಿ, ಎರಡನ್ನೂ ಹೋಲಿಸಿ.