ಹೊಗೆ ಕಪ್ಪಾಯಿತೆಂದು ಮೊದಲೇ ಪಂಪಿಗೆ ಪಾನಾ ಹಾಕಬೇಡಿ

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಏರು ಬಂತೆಂದರೆ ಕರಿ ಹೊಗೆ. ‘ಟೈಮಿಂಗ್ ಹೋಗಿದೆ’, ಅಂದರೆ ಡೀಸೆಲ್ ಸಿಂಪಡಿಸುವ ಹೊತ್ತು ತಪ್ಪಿದೆ ಎಂದು ಯಾರೋ ಅನ್ನುತ್ತಾರೆ, ಡೀಸೆಲ್ ಪಂಪ್ ತಿರುಗಿಸುತ್ತೇವೆ. ನಾನೂ ಹಾಗೇ ಮಾಡಿದ್ದೆ. ಮರುದಿನ ಏರ್ ಕ್ಲೀನರ್ ಬಿಚ್ಚಿದರೆ ಒಳಗೆಲ್ಲ ರವದಿಯ (ಕಬ್ಬಿನ ಒಣ ಎಲೆ) ಪುಡಿ! ಹಾಗಾಗಿ ಮೊದಲು ಏರ್ ಕ್ಲೀನರ್, ಆಮೇಲೆ ಡೀಸೆಲ್ ಸಿಂಪಡಿಸುವ ನಾಝಲ್. ಎರಡೂ ಸರಿಯಿದ್ದರೆ ಮಾತ್ರ ಟೈಮಿಂಗ್. ಕಾಮನ್ ರೇಲ್ ಎಂಬ ಹೊಸ ಬಗೆಯ ಎಂಜಿನ್ ಆದರೆ ಟೈಮಿಂಗ್ ಕಂಪ್ಯೂಟರಿನ ಕೆಲಸ, ಕೈ ಹಾಕಬೇಡಿ.

ಪಿಸ್ಟನ್ ಮೇಲಿನ ತುದಿ ಮುಟ್ಟುವ ಕೆಲವು ಡಿಗ್ರಿ ಮೊದಲೇ ಡೀಸೆಲ್ ಸಿಂಪಡಿಸಬೇಕು. 1500 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಅಂದರೆ ಸೆಕೆಂಡಿನ 9,000ದಲ್ಲಿ ಒಂದು ಪಾಲು. ತಡವಾದರೆ ಪಿಸ್ಟನ್ ಇಳಿಯುವಾಗ ಉರಿಯುತ್ತದೆ: ಮಸಿ ಹೊಗೆ, ಬಿಸಿ ಸೈಲೆನ್ಸರ್, ಪಿಕಪ್ ಇಲ್ಲ. ಬೇಗ ಆದರೆ ಡೀಸೆಲ್ ಶೇಖರವಾಗಿ ಒಮ್ಮೆಲೇ ಹೊತ್ತಿಕೊಂಡು ಟಕಟಕ ಸದ್ದು. ಹೊಗೆ ತಿಳಿಯಾಗುತ್ತದೆ ನಿಜ, ಆದರೆ ಒಳಗಿನ ವಿಪರೀತ ಕಾವಿಗೆ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಜಾಸ್ತಿಯಾಗುತ್ತದೆ. ಅದು ಕಣ್ಣಿಗೆ ಕಾಣದು, ಅದಕ್ಕೇ ಹೊಗೆ ನೋಡಿ ಖುಷಿಪಡುವುದು ಮೋಸ.

ಈಗ ಕೆಲಸ. ಎಂಜಿನ್ ತಣ್ಣಗಿರಲಿ. ಪಂಪಿನ ಫ್ಲ್ಯಾಂಜಿಗೂ (ನಟ್ ಕೂರುವ ಅಂಚು) ಎಂಜಿನ್ ಬಾಡಿಗೂ ಸೇರಿಸಿ ಒಂದು ಗೀಟು ಎಳೆಯಿರಿ, ವಾಪಸ್ ಬರಲು ಅದೇ ದಾರಿ. ಪಂಪಿನಿಂದ ಒಂದನೇ ಸಿಲಿಂಡರಿಗೆ ಹೋಗುವ ಡೀಸೆಲ್ ಲೈನ್ ಬಿಚ್ಚಿ. ಪಂಪಿನಲ್ಲಿ ಆ ಲೈನ್ ಕೂರುವ ಹೋಲ್ಡರಿನೊಳಗಿನ ಡೆಲಿವರಿ ವಾಲ್ವ್, ಸ್ಪ್ರಿಂಗ್ ತೆಗೆದು ಶುದ್ಧ ಡೀಸೆಲ್ ಇರುವ ಬಟ್ಟಲಿನಲ್ಲಿಡಿ, ಒಂದು ಕಣ ಧೂಳು ಸಾಕು ಅದನ್ನು ಕೆಡಿಸಲು. ಹೋಲ್ಡರಿಗೆ ಬಾಗಿದ ಪೈಪ್ ಜೋಡಿಸಿ, ಥ್ರಾಟಲ್ ಪೂರ್ತಿ ಕೊಟ್ಟು ಹ್ಯಾಂಡ್ ಪಂಪ್ ಒತ್ತುತ್ತಿರಿ. ಅದೇ ಸಿಲಿಂಡರಿನ ಕಂಪ್ರೆಶನ್‌ನಲ್ಲಿ, ಅಂದರೆ ಪಿಸ್ಟನ್ ಗಾಳಿ ಒತ್ತುತ್ತ ಮೇಲೇರುವಾಗ, ಎಂಜಿನ್ ನಿಧಾನ ತಿರುಗಿಸಿ. ಧಾರೆ ಸಣ್ಣಗಾಗಿ ತಟಕು ತಟಕು ಹನಿಯಾದ ಕ್ಷಣ ನಿಲ್ಲಿಸಿ ಫ್ಲೈವೀಲಿನ (ಎಂಜಿನ್ನಿನ ಭಾರದ ಚಕ್ರ) ಡಿಗ್ರಿ ನೋಡಿ, ಕಂಪನಿ ಪುಸ್ತಕದ ಲೆಕ್ಕಕ್ಕೆ ಹೊಂದಿಸಿ. ಗುರುತು ದಾಟಿತೇ? ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ, ಇಲ್ಲದಿದ್ದರೆ ಗಿಯರಿನ ಸಡಿಲ ಸುಳ್ಳು ಲೆಕ್ಕ ಕೊಡುತ್ತದೆ.

ತಡವಾಗಿದ್ದರೆ ನಟ್ ಸಡಿಲಿಸಿ ಪಂಪನ್ನು ಅದರ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ವಾಲಿಸಿ. ಬೇಗ ಆಗಿದ್ದರೆ ಅದೇ ದಿಕ್ಕಿಗೆ. ಪಂಪಿನ ಒಂದು ಡಿಗ್ರಿ ಎಂದರೆ ಫ್ಲೈವೀಲಿನಲ್ಲಿ ಎರಡು, ಹಾಗಾಗಿ ಕೂದಲೆಳೆಯಷ್ಟೇ ಸರಿಸಿ. ನಟ್ ಬಿಗಿದು ಮತ್ತೊಮ್ಮೆ ಹನಿ ನೋಡಿ. ವಾಲ್ವ್, ಸ್ಪ್ರಿಂಗ್, ಲೈನ್ ವಾಪಸ್ ಹಾಕಿ ಡೀಸೆಲ್ ಲೈನಿನೊಳಗಿನ ಗಾಳಿ ತೆಗೆಯಿರಿ.

ಪರೀಕ್ಷೆ ಖಾಲಿ ಟ್ರ್ಯಾಕ್ಟರಿನಲ್ಲಿ ಬೇಡ, ತುಂಬಿದ ಟ್ರೇಲರಿನೊಂದಿಗೆ ಏರು ಹತ್ತಿಸಿ. ಗಿಯರ್ ಬದಲಿಸುವಾಗ ಒಂದು ಪುಸುಕು ಕರಿ ಹೊಗೆ ಬಂದು ತಿಳಿಯಾದರೆ ಸರಿ. ಟಕಟಕ ಕೇಳಿದರೆ ಬೇಗ ಆಗಿದೆ, ಪಂಪನ್ನು ಶಾಫ್ಟ್ ತಿರುಗುವ ದಿಕ್ಕಿಗೆ ಚೂರು ವಾಪಸ್.