ಮಂಗಳೂರು–ಉಡುಪಿ ಎರಡು ದಿನದ ಪ್ರವಾಸ: ಹೆದ್ದಾರಿ ಬಿಟ್ಟು ಬಸದಿಗಳ ದಾರಿ ಹಿಡಿಯಿರಿ

ಮಂಗಳೂರಿನಿಂದ ಉಡುಪಿಗೆ ಸುಮಾರು 55 ಕಿ.ಮೀ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೆ ಒಂದೂವರೆ ಗಂಟೆ. ಹೆಚ್ಚಿನವರು ಹೆದ್ದಾರಿ 66ರಲ್ಲೇ ಹೋಗಿ, ಅದರಲ್ಲೇ ವಾಪಸು ಬಂದು, ದೇವಸ್ಥಾನ ಮತ್ತು ಬೀಚು ಬಿಟ್ಟರೆ ಇಲ್ಲಿ ನೋಡಲಿಕ್ಕೆ ಏನಿದೆ ಎಂದುಬಿಡುತ್ತಾರೆ. ಹೋಗುವಾಗ ಒಳನಾಡಿನ ದಾರಿ ಹಿಡಿದರೆ, ಅಂದರೆ ಮಂಗಳೂರು–ಮೂಡುಬಿದಿರೆ–ಕಾರ್ಕಳ–ಉಡುಪಿ, ಒಟ್ಟು 90 ಕಿ.ಮೀ. ಆಸುಪಾಸು ಆಗುತ್ತದೆ. ಅಷ್ಟರಲ್ಲಿ ಸಾವಿರ ವರ್ಷದ ಚರಿತ್ರೆ ದಾರಿಯಲ್ಲೇ ಸಿಗುತ್ತದೆ. ಮರಳುವಾಗ ಮಾತ್ರ ಹೆದ್ದಾರಿ ಸಾಕು.

ಇಲ್ಲಿ ಪ್ಲಾನ್ ಕೆಡುವುದು ದೂರದಿಂದಲ್ಲ. ಮಧ್ಯಾಹ್ನ ಮುಚ್ಚುವ ಬಾಗಿಲು, ಕಾದ ಕಲ್ಲು ಮತ್ತು ಮಳೆ, ಈ ಮೂರರಿಂದ. ಸ್ಥಳಗಳ ಪಟ್ಟಿ ಮಾಡುವ ಮೊದಲು ಯಾವುದನ್ನು ಎಷ್ಟು ಹೊತ್ತಿಗೆ ನೋಡಬೇಕು ಎಂದು ಬರೆದುಕೊಳ್ಳಿ.

ತಿಂಗಳಿನ ಲೆಕ್ಕ ಮೊದಲು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಯಕ್ಷಗಾನ ಮೇಳಗಳ ತಿರುಗಾಟವೂ ಆಗ ನಡೆಯುತ್ತಿರುತ್ತದೆ, ರಾತ್ರಿ ನಿದ್ದೆಗೆಡಲು ಮನಸ್ಸಿದ್ದರೆ ಸುತ್ತಮುತ್ತ ಎಲ್ಲಾದರೂ ಆಟ ಸಿಕ್ಕೇ ಸಿಗುತ್ತದೆ. ಏಪ್ರಿಲ್–ಮೇ ಸೆಕೆ ಹೊರಗಿನವರಿಗೆ ತಡೆಯುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಪೆಯ ದ್ವೀಪಕ್ಕೆ ಬೋಟು ಇರುವುದಿಲ್ಲ. ಬೆಂಗಳೂರಿನಿಂದ ಬರುವವರಿಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಅಥವಾ ರೈಲು ನಿಂತುಹೋಗುವ ಭಯ ಬೇರೆ. ಮಳೆಗಾಲದಲ್ಲಿ ಬರುವುದೇ ಆದರೆ ಮರಳಿದ ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಇರಲೇಬೇಕೆಂಬ ಹಾಗೆ ಟಿಕೆಟ್ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ದಿನಗಳಲ್ಲಿ ರೂಮು ಸಿಗುವುದಿಲ್ಲ, ಸಿಕ್ಕಿದರೂ ಬಾಡಿಗೆ ಕೇಳುವ ಹಾಗಿರುವುದಿಲ್ಲ. ಕೃಷ್ಣಾಷ್ಟಮಿ ಮತ್ತು ಅದರ ಮರುದಿನದ ವಿಟ್ಲಪಿಂಡಿ ಉತ್ಸವ ನೋಡಲೆಂದೇ ಬರುವವರು ಗೋಡೆಯ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿ ಮೋಸಹೋಗುತ್ತಾರೆ. ಉಡುಪಿಯಲ್ಲಿ ಸೌರಮಾನದ ಲೆಕ್ಕ, ಬೇರೆ ಊರಿನ ಅಷ್ಟಮಿಗೂ ಇಲ್ಲಿನದಕ್ಕೂ ಕೆಲವು ವರ್ಷ ವಾರಗಳ ಅಂತರವೇ ಬರುತ್ತದೆ. ಮಠದವರು ಹೇಳಿದ ತಾರೀಕೇ ತಾರೀಕು.

ವಾರದ ದಿನಗಳಲ್ಲಿ ಗುರುವಾರ–ಶುಕ್ರವಾರ ಅಥವಾ ಶುಕ್ರವಾರ–ಶನಿವಾರ ಆರಿಸಿಕೊಳ್ಳಿ. ಭಾನುವಾರ ಖಾಸಗಿ ಬಸ್ಸುಗಳ ಟ್ರಿಪ್ ಕಟ್ ಆಗುತ್ತದೆ, ಮಲ್ಪೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಮೊದಲ ದಿನ

ರೈಲಿನಲ್ಲಿ ಬರುವವರು ಟಿಕೆಟ್ ಮೇಲಿನ ಹೆಸರು ನೋಡಿಕೊಳ್ಳಿ. ಮಂಗಳೂರು ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ. ಮುಂಬೈ–ಕೇರಳದ ನಡುವೆ ಓಡುವ ಬಹಳಷ್ಟು ರೈಲು ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ಅದು ಪೇಟೆಯಿಂದ ಐದಾರು ಕಿ.ಮೀ. ಹೊರಗೆ.

ಏಳು ಗಂಟೆಗೆಲ್ಲ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರಿ. ಒಳಗಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡದೆ ಬರಬೇಡಿ. ಪೀಠದ ಶಾಸನದ ಪ್ರಕಾರ ಆಳುಪ ದೊರೆ ಕುಂದವರ್ಮ ಅದನ್ನು ಸ್ಥಾಪಿಸಿದ್ದು ಕ್ರಿ.ಶ. 968ರಲ್ಲಿ. ದೀಪದ ಬೆಳಕಿನಲ್ಲಿ ಮುಖಗಳು ಮೂರೂ ಕಾಣುವಷ್ಟು ಹೊತ್ತು ನಿಂತು ನೋಡಬೇಕೆಂದರೆ ಜನ ಸೇರುವ ಮೊದಲೇ ಹೋಗಬೇಕು. ದೇವಸ್ಥಾನದ ಹಿಂದಿನ ಗುಡ್ಡೆಯಲ್ಲಿ ಕೆರೆಗಳು, ಜೋಗಿ ಮಠ, ಪಾಂಡವರ ಗುಹೆ ಎನ್ನುವ ಕಲ್ಲಿನ ಗವಿಗಳು ಇವೆ. ಅರ್ಧ ಗಂಟೆ ಸಾಕು.

ಬನ್ಸೋ ನೀರುದೋಸೆಯೋ ತಿಂದು ಒಂಬತ್ತರ ಸುಮಾರಿಗೆ ಬಾವುಟಗುಡ್ಡೆಗೆ ಬನ್ನಿ. ಅಲೋಶಿಯಸ್ ಕಾಲೇಜಿನ ಆವರಣದ ಚಾಪೆಲ್‌ನ ಗೋಡೆ, ಛಾವಣಿ ತುಂಬ ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. 1899ರಲ್ಲಿ ಕೈಹಾಕಿದ ಕೆಲಸ ಅದು. ಗೋಡೆಯವು ಹಸಿಗಾರೆಯ ಮೇಲೆ ಬರೆದವು, ಛಾವಣಿಯವು ಕ್ಯಾನ್‌ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಅಂಟಿಸಿದವು. ಕತ್ತೆತ್ತಿ ನೋಡಿ ಕತ್ತು ನೋವಾದರೆ ಬೆಂಚಿನಲ್ಲಿ ಕೂತುಕೊಳ್ಳಿ. ಒಳಗೆ ಫೋಟೋ ತೆಗೆಯುವಂತಿಲ್ಲ. ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹೊರಗೆ ಕಾಯಬೇಕು.

ಸುಲ್ತಾನ್ ಬತ್ತೇರಿ ಸಮಯ ಉಳಿದರೆ ಮಾತ್ರ. ಬೋಳೂರಿನ ಈ ಕರಿಕಲ್ಲಿನ ಕಾವಲುಗೋಪುರ 1784ರ ಟಿಪ್ಪು ಕಾಲದ್ದು, ಫಲ್ಗುಣಿ ನದಿಗೆ ಶತ್ರುಗಳ ಹಡಗು ನುಗ್ಗದ ಹಾಗೆ ಕಟ್ಟಿದ್ದು. ಹದಿನೈದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ, ಹೋಗಿ ಬರುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ.

ಹನ್ನೊಂದರೊಳಗೆ ಮಂಗಳೂರು ಬಿಡಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡುಬಿದಿರೆ–ಕಾರ್ಕಳದ ಖಾಸಗಿ ಬಸ್ಸುಗಳು ಬಿಡುವಿಲ್ಲದೆ ಹೊರಡುತ್ತವೆ. ಕಂಡಕ್ಟರು ಕೂಗುವುದು ತುಳುವಿನಲ್ಲಿ: ‘ಬೆದ್ರ’ ಎಂದರೆ ಮೂಡುಬಿದಿರೆ, ‘ಕಾರ್ಲ’ ಎಂದರೆ ಕಾರ್ಕಳ. ಚಿಲ್ಲರೆ ಕೈಯಲ್ಲಿರಲಿ. ಸಾಮಾನಿನ ವಿಷಯವೂ ಇಲ್ಲೇ ಯೋಚಿಸಬೇಕು, ಈ ದಾರಿಯಲ್ಲಿ ಹೊರಟ ಜಾಗಕ್ಕೆ ರಾತ್ರಿ ಮರಳುವುದಿಲ್ಲವಲ್ಲ. ಒಂದು ಬೆನ್ನುಚೀಲಕ್ಕಿಂತ ಹೆಚ್ಚಿದ್ದರೆ, ಅಥವಾ ಜೊತೆಗೆ ಹಿರಿಯರಿದ್ದರೆ ಬಾಡಿಗೆ ಕಾರೇ ಮೇಲು. ಉಡುಪಿಯಲ್ಲಿ ಇಳಿಸಿ ಬಂದರೂ ಕಾರಿನವರು ವಾಪಸಿನ ಕಿಲೋಮೀಟರ್ ಸೇರಿಸಿಯೇ ಲೆಕ್ಕ ಹಾಕುತ್ತಾರೆ, ಮೊದಲೇ ಮಾತಾಡಿಕೊಳ್ಳಿ.

ಮೂಡುಬಿದಿರೆ 35 ಕಿ.ಮೀ. ಮಧ್ಯಾಹ್ನದ ಊಟ ಅಲ್ಲೇ ಮುಗಿಸಿ ಜೈನಪೇಟೆಗೆ ನಡೆಯಿರಿ. ಊರಲ್ಲಿ 18 ಬಸದಿಗಳಿವೆ, ಎಲ್ಲವನ್ನೂ ನೋಡಲು ಹೊರಟರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಸಾವಿರ ಕಂಬದ ಬಸದಿಗೆ, ಅಂದರೆ 1430ರ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ, ಕಡಿಮೆಯೆಂದರೆ ಒಂದೂವರೆ ಗಂಟೆ ಕೊಡಿ. ನೆತ್ತಿ ಸುಡುವ ಹೊತ್ತಿಗೆ ಇದೇ ಸರಿಯಾದ ಜಾಗ, ಕಂಬಗಳ ನಡುವೆ ಒಳ್ಳೆಯ ತಂಪು. ಅಂಗಳದ ಕಲ್ಲು ಮಾತ್ರ ಕಾವಲಿಯ ಹಾಗೆ ಕಾದಿರುತ್ತದೆ. ಚಪ್ಪಲಿ ಹೊರಗೆ ಬಿಡಬೇಕಾದ್ದರಿಂದ ಒಂದು ಜೊತೆ ದಪ್ಪ ಸಾಕ್ಸ್ ಚೀಲದಲ್ಲಿರಲಿ.

ಬಂದವರು ಕಂಬಗಳನ್ನೇ ನೋಡುತ್ತ ಸೀದಾ ಒಳಗೆ ಹೋಗಿಬಿಡುತ್ತಾರೆ. ಮುಂದಿನ ಭೈರಾದೇವಿ ಮಂಟಪದ ಬುಡದಲ್ಲಿ ಬಗ್ಗಿ ನೋಡಿ: ಕಲ್ಲಿನ ಪಟ್ಟಿಕೆಯಲ್ಲಿ ಉದ್ದ ಕೊರಳಿನ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಕಡಲಾಚೆಯ ವ್ಯಾಪಾರದ ಗುರುತು ಎಂದು ಇದನ್ನು ಓದುತ್ತಾರೆ. ಸೊಂಟದೆತ್ತರಕ್ಕೂ ಕೆಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಒಳಗಿನ ಕಂಬಗಳಲ್ಲಿ ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ ಎನ್ನುತ್ತಾರೆ, ಅಕ್ಕಪಕ್ಕದ ನಾಲ್ಕನ್ನು ಹೋಲಿಸಿ ನೋಡಿದರೆ ಸಾಕು. ಹತ್ತಿರದಲ್ಲೇ ಗುರು ಬಸದಿ ಇದೆ. ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತದ ತಾಳೆಗ್ರಂಥಗಳು ಶತಮಾನಗಳ ಕಾಲ ಉಳಿದುಬಂದದ್ದು ಇದೇ ಊರಿನಲ್ಲಿ.

ಮೂರು ಗಂಟೆಗೆ ಹೊರಟರೆ ಕಾರ್ಕಳ 18 ಕಿ.ಮೀ. ಮೊದಲು ಚತುರ್ಮುಖ ಬಸದಿ, ಆಮೇಲೆ ಗೊಮ್ಮಟ. ಈ ಕ್ರಮಕ್ಕೆ ಕಾರಣವಿದೆ. ಗೊಮ್ಮಟ ನಿಂತಿರುವುದು ಬರೀ ಬಂಡೆಯ ಮೇಲೆ, ನಾಲ್ಕೂವರೆಗೆ ಮೊದಲು ಹತ್ತಿದರೆ ಮೇಲಿನ ಬಿಸಿಲೂ ಕೆಳಗಿನ ಕಾವೂ ಸೇರಿ ಹೈರಾಣಾಗುತ್ತೀರಿ. 1586ರ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರು ಮೂರ್ತಿಗಳೇ ಕಾಣುತ್ತವೆ. ಅಲ್ಲಿಂದ ಎದುರಿನ ಗುಡ್ಡೆಯ ಗೊಮ್ಮಟನನ್ನು ಒಮ್ಮೆ ನೋಡಿಕೊಂಡು ಹತ್ತಲು ಹೊರಡಿ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಈ ಏಕಶಿಲಾ ಮೂರ್ತಿಯ ಎತ್ತರ ಸುಮಾರು 42 ಅಡಿ. ಮೆಟ್ಟಿಲು ಹತ್ತಲಾಗದವರಿಗೆ ಮೇಲಿನವರೆಗೆ ವಾಹನದ ದಾರಿಯೂ ಇದೆ.

ಆರೂವರೆಯೊಳಗೆ ಉಡುಪಿ ಬಸ್ಸು ಹತ್ತಿ. ಬೈಲೂರು, ಹಿರಿಯಡ್ಕ, ಮಣಿಪಾಲದ ದಾರಿ ಇದು. ಕತ್ತಲಾದ ಮೇಲೆ ಬಸ್ಸಿನಿಂದ ಬಸ್ಸಿಗೆ ಅಂತರ ಹೆಚ್ಚುತ್ತದೆ.

ಎರಡನೆಯ ದಿನ

ರೂಮನ್ನು ಕೃಷ್ಣ ಮಠದ ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಮಾಡಿ, ಮಣಿಪಾಲದಲ್ಲಿ ಚೆನ್ನಾದ ಹೋಟೆಲು ಸಿಕ್ಕಿತೆಂದು ಅಲ್ಲಿ ಉಳಿಯಬೇಡಿ. ಬೆಳಿಗ್ಗೆ ಆರಕ್ಕೆಲ್ಲ ರಥಬೀದಿಯಲ್ಲಿರುವುದೇ ಉಡುಪಿಯ ಸೊಗಸು. ಕಾರಿದ್ದರೆ ರಾಜಾಂಗಣದ ಬದಿಯ ಪಾರ್ಕಿಂಗ್‌ನಲ್ಲಿ ಬಿಡಬೇಕು.

ಸಂಪ್ರದಾಯದ ಕ್ರಮ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಗಂಡಸರು ಅಂಗಿ–ಬನಿಯನ್ ತೆಗೆದು ಹೋಗಲು ಸಿದ್ಧರಿರಿ, ಪಂಚೆ–ಶಲ್ಯ ಇದ್ದರೆ ಸುಲಭ. ದರ್ಶನ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದ. ಹಿಂದಿನವರು ತಳ್ಳುತ್ತಿರುತ್ತಾರೆ, ಸಿಗುವುದು ಕೆಲವೇ ಕ್ಷಣ. ಹೊರಗಿನ ಕನಕನ ಕಿಂಡಿಯಲ್ಲಿ ಆ ಅವಸರ ಇರುವುದಿಲ್ಲ.

ತಿಂಡಿ ಮುಗಿಸಿ ಆರು ಕಿ.ಮೀ. ದೂರದ ಮಲ್ಪೆಗೆ ಒಂಬತ್ತರೊಳಗೆ ಹೋಗಿ. ಸೇಂಟ್ ಮೇರೀಸ್ ದ್ವೀಪದ ಬೋಟು ಜನ ತುಂಬಿದ ಮೇಲೆಯೇ ಹೊರಡುವುದು. ತಡವಾಗಿ ಹೋದಷ್ಟೂ ಬಿಸಿಲಲ್ಲಿ ಕಾಯುವುದು ಹೆಚ್ಚು. ಟಿಕೆಟ್ ಚೀಟಿ ಎಸೆಯಬೇಡಿ, ಮರಳುವಾಗ ಬೇಕು. ಕಾಲು ನೆನೆಯಬಹುದು, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ದ್ವೀಪದ ಷಟ್ಕೋನ ಕಂಬಗಳಂಥ ಬಂಡೆಗಳು ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾದಿಂದ ಆದವು. ಪಾಚಿ ಕಟ್ಟಿದ ಬಂಡೆಯ ಮೇಲೆ ಸೆಲ್ಫಿಗೆಂದು ಹತ್ತಬೇಡಿ, ಜಾರಿದರೆ ಕೆಳಗೆ ಚೂಪು ಚಿಪ್ಪುಗಳು.

ಹನ್ನೆರಡೂವರೆಗೆ ಪೇಟೆಗೆ ಮರಳಿದರೆ ಮಠದ ಊಟ ಸಿಗುತ್ತದೆ. ಮಧ್ಯಾಹ್ನಕ್ಕೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅಥವಾ ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು, ಎರಡರಲ್ಲಿ ಒಂದು. ಹಳೆಯ ಮನೆಗಳ ಮರಗೆಲಸ ಇಷ್ಟವಾದರೆ ಹಸ್ತಶಿಲ್ಪ. ಅಲ್ಲಿ ಗೈಡ್ ಜೊತೆಗೇ ಸುತ್ತಬೇಕಾದ್ದರಿಂದ ಮೊದಲೇ ಫೋನ್ ಮಾಡಿ. ಜನರಿಲ್ಲದ ಹಳೆಯ ಕಲ್ಲುಕಟ್ಟಡ ಇಷ್ಟವಾದರೆ ಬಾರ್ಕೂರಿನ ಕತ್ತಲೆ ಬಸದಿ. ಮಳೆಗಾಲದಲ್ಲಿ ದ್ವೀಪ ತಪ್ಪುವುದರಿಂದ ಎರಡನ್ನೂ ನೋಡಬಹುದು.

ಉಡುಪಿ ರೈಲು ನಿಲ್ದಾಣ ಇಂದ್ರಾಳಿಯಲ್ಲಿದೆ, ಬಸ್ ನಿಲ್ದಾಣದಿಂದ ಮೂರ್ನಾಲ್ಕು ಕಿ.ಮೀ. ಸಂಜೆ ಮಣಿಪಾಲ ರಸ್ತೆಯಲ್ಲಿ ವಾಹನ ಹೆಚ್ಚು. ರೈಲಿಗೆ ಮುಕ್ಕಾಲು ಗಂಟೆ ಇರುವಾಗಲೇ ರಿಕ್ಷಾ ಹತ್ತಿ. ಮಂಗಳೂರಿಗೆ ಮರಳುವವರಿಗೆ ಸರ್ವಿಸ್ ಬಸ್ ಬೇಡ, ಎಕ್ಸ್‌ಪ್ರೆಸ್ ಎಂದು ಕೇಳಿಯೇ ಹತ್ತಿ. ಸರ್ವಿಸ್ ಬಸ್ಸು ಸಿಕ್ಕ ಸಿಕ್ಕ ಸ್ಟಾಪಿನಲ್ಲಿ ನಿಲ್ಲುತ್ತದೆ.